ಮೊದಲನೇ ಚರಿಗೆ

ನಮ್ಮ ಮನೆಯಲ್ಲಿ ಸ್ನಾನದ ಮೊದಲನೇ ಚರಿಗೆ ನೀರು ಮೈಮೇಲೆ ಬೀಳುತ್ತಿರಲಿಲ್ಲ, ಬಚ್ಚಲಿನ ಮೂಲೆಗೆ ಬೀಳುತ್ತಿತ್ತು. ಅದೂ ಬೆಚ್ಚಗಿನ ನೀರೇ ಆಗಬೇಕು, ತಣ್ಣೀರು ನಡೆಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಶಾಲೆಗೆ ಹೊತ್ತಾಯಿತೆಂದು ನೇರ ತಲೆಯ ಮೇಲೆ ಸುರಿದುಕೊಂಡೆ. ಅವ್ವ ಹೊರಗಿನಿಂದಲೇ ಸಪ್ಪಳ ಗುರುತು ಹಿಡಿದು ಬಾಗಿಲು ಬಡಿದಿದ್ದಳು. "ಮೂಲಿಗೆ ಹಾಕಿದೇನು ಬೇ? ಖರೇ ಹೇಳು!" ಯಾಕೆ ಹಾಕಬೇಕು ಎಂದು ಕೇಳಿದರೆ, "ಭೂಮಿತಾಯಿಗೆ ಮೊದ್ಲ, ಆಮ್ಯಾಲ ನಮಗ" ಎನ್ನುತ್ತಿದ್ದಳು. ಅಷ್ಟೇ ಉತ್ತರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳಿ, ಮನೆಗೆ ಬಂದು ಮೂಲೆಗೆ ನೀರು ಹಾಕುತ್ತಿದ್ದೆ. ತರಬೇತಿಗೆಂದು ಬೇರೆ ಊರಿನ ಲಾಡ್ಜಿನಲ್ಲಿ ಉಳಿದರೂ ಮೊದಲ ಮಗ್ಗು ಮೂಲೆಗೇ. ಕೈಗೆ ಹತ್ತಿದ ಚಟ, ಏನು ಮಾಡುವುದು?

ನಮ್ಮದು ರಾಯಚೂರಿನ ಹಳೆಯ ಓಣಿಯ ಸಣ್ಣ ಮನೆ. ಅವ್ವ ಮಲ್ಲಟದಿಂದ ಸೊಸೆಯಾಗಿ ಬಂದಾಗಿನಿಂದ ಇಲ್ಲೇ ಇದ್ದಾಳೆ. ತಾಯಿಯಿಲ್ಲದ ಹುಡುಗಿಯಾದ್ದರಿಂದ ಅವಳ ಬಾಣಂತನವೂ ತವರಿನಲ್ಲಿ ಆಗದೆ ಇಲ್ಲೇ ಆಯಿತು. ಅಪ್ಪ ಹೋಗಿ ಬಹಳ ವರ್ಷವಾಯಿತು. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಮಾನ್ವಿಯಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ನನಗೆ ಮದುವೆ ಒಲಿಯಲಿಲ್ಲ, ನೌಕರಿ ಒಲಿಯಿತು. ಹೀಗಾಗಿ ಈ ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಮತ್ತು ನಿವೃತ್ತಳಾದ ನಾನು, ಇಬ್ಬರೇ. ಇಬ್ಬರ ಬಾಯಿಯೂ ಜೋರು, ಆದ್ದರಿಂದ ಮನೆ ತುಂಬಿದಂತೆಯೇ ಇರುತ್ತದೆ. ಬಚ್ಚಲೆಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಹೊಗೆ ಹಿಡಿದ ಗೋಡೆ, ಕರಿ ಫರಸಿಕಲ್ಲಿನ ನೆಲ, ಒಂದು ಮೂಲೆಯಲ್ಲಿ ತುಸು ತಗ್ಗಿಗೆ ಇಳಿದ ಚೌಕದ ಕಲ್ಲು. ನಮ್ಮ ಮೊದಲನೇ ಚರಿಗೆ ಆ ಕಲ್ಲಿಗೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ನಗುವವರು ನಗಲಿ. ನನಗೆ ತಿಳಿವಳಿಕೆ ಬಂದಾಗಿನಿಂದ ದಿನಾ ಬೆಳಗಿನ ಜಾವ, ಇನ್ನೂ ಹಾಸಿಗೆಯಲ್ಲಿದ್ದಾಗಲೇ, ನನ್ನ ಅಂಗಾಲು ಬೆಚ್ಚಗಾಗುತ್ತಿತ್ತು. ಯಾರೋ ಹದವಾದ ಬಿಸಿನೀರು ಹನಿಸಿದಂತೆ ಒಂದೆರಡು ನಿಮಿಷ ಇದ್ದು ಇಳಿದುಹೋಗುತ್ತಿತ್ತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡಿದ್ದೆ. ಡಾಕ್ಟರು ರಕ್ತ ಸಂಚಾರ ಎಂದರು, ಸರಿ ಎಂದು ಬಿಟ್ಟೆ. ಎರಡು ವರ್ಷದ ಹಿಂದೆ, ದಸರೆಯ ಮುಂದೆ, ಒಂದು ದಿನ ಆ ಬಿಸಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ರಾಯಚೂರಿನ ಬಿಸಿಲಿನಲ್ಲಿ ಕಾಲುಚೀಲ ಹಾಕಿಕೊಂಡು ಮಲಗುವ ಹೆಂಗಸು ನಾನೊಬ್ಬಳೇ ಇರಬೇಕು. ನಿದ್ದೆ ಹೋಯಿತು, ಊಟದ ರುಚಿ ಹೋಯಿತು. ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ಮೂಗನ್ನೂ ದಾಟಿ ಮುಂದೆ ಬಂತು.

ಹೀಗಿರುವಾಗ ಹೈದರಾಬಾದಿನಲ್ಲಿ ಒಂದು ಮದುವೆಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ಉಳಿದೆ. ಅಲ್ಲಿನ ಬಚ್ಚಲು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಬೂದು ಬಣ್ಣದ ಗೋಡೆ, ಕಣ್ಣಿಗೆ ಚುಚ್ಚದ ಬೆಳಕು, ಮೂಲೆಯಲ್ಲಿ ಹಸಿರು ಬಳ್ಳಿ, ಮಳೆಯಂತೆ ಬೀಳುವ ಶವರ್, ನಿಂಬೆಹುಲ್ಲಿನ ವಾಸನೆ. ಹತ್ತು ನಿಮಿಷ ನೀರಿನ ಕೆಳಗೆ ನಿಂತೆ. ಎರಡು ವರ್ಷದಲ್ಲಿ ಮೊದಲ ಸಲ ಮೈ ಹಗುರಾಯಿತು. ಇಂಥದ್ದೊಂದು ನನ್ನ ಮನೆಯಲ್ಲಿ ಇದ್ದರೆ ನಿದ್ದೆ ತಾನಾಗಿ ಬರುತ್ತದೆ ಎಂದು ನಿಶ್ಚಯಿಸಿಬಿಟ್ಟೆ. ಅವ್ವನಿಗೂ ಹಳೆಯ ಫರಸಿ ಜಾರುತ್ತಿತ್ತು. ಒಂದು ಕೂಡುವ ಪೀಠ, ಹಿಡಿದುಕೊಳ್ಳಲು ಕಂಬಿ ಆದರೆ ಅವಳಿಗೂ ಒಳ್ಳೆಯದೇ ಅಲ್ಲವೇ?

ಗೌಂಡಿ ಕೆಲಸಕ್ಕೆ ನಮ್ಮ ಓಣಿಯವರೇ ಆದ ಹಿರಿಯ ಮುಸ್ಲಿಮರೊಬ್ಬರು ಬಂದರು. ಮೂಲ ಕವಿತಾಳದವರು, ಒಳ್ಳೆಯ ಕೈ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ.

"ಇದಕ್ಕೇನಂತಾರ್ರಿ ಅಕ್ಕಾರ?"

"ಸ್ಪಾ ಅಂತಾರ. ಒಳಗ ಹೋದ ಕೂಡ್ಲೆ ಮನಸಿಗೆ ಶಾಂತಿ ಸಿಗಬೇಕು."

"ಯಾ ಅಲ್ಲಾ, ಬಚ್ಚಲದಾಗ ಶಾಂತಿ! ನಮ್ಮ ಮನ್ಯಾಗ ಒಳಗ ಹೋದ್ರ ಹೊರಗಿಂದ ನಾಕ ಮಂದಿ ಬಾಗಿಲ ಬಡೀತಾರ" ಎಂದು ನಕ್ಕರು.

ಅವ್ವ ಹೊರಸಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅವರು ಹೋದ ಮೇಲೆ ನನ್ನನ್ನು ಕರೆದಳು. "ಏನರ ಮಾಡ್ಕೋ. ಬಣ್ಣ ಹಚ್ಚು, ಬಳ್ಳಿ ಹಚ್ಚು. ಆ ಮೂಲಿ ಕಲ್ಲು ಮಾತ್ರ ಮುಟ್ಟಬ್ಯಾಡ."

"ಆತು ಬೇ."

"ನನ್ನ ಮ್ಯಾಲ ಆಣಿ ಮಾಡು."

ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಧೂಳಿನಲ್ಲಿ ಇರುವುದು ಬೇಡವೆಂದು ಅವಳನ್ನು ಮಾನ್ವಿಗೆ ಅಣ್ಣನ ಮನೆಗೆ ಕಳಿಸಿದೆ. ಬಸ್ಸು ಹೊರಡುವಾಗಲೂ ಕಿಟಕಿಯಿಂದ ಕೈ ಹೊರಹಾಕಿ, "ಕಲ್ಲು!" ಎಂದು ಕೂಗಿದಳು. ನಾನು ನಗುತ್ತಾ ತಲೆ ಅಲ್ಲಾಡಿಸಿದೆ.

ಮೂರನೇ ದಿನ ಗೌಂಡಿಯವರು, ಆ ಒಂದು ಕಲ್ಲು ಉಳಿಸಿಕೊಂಡರೆ ನೆಲದ ಇಳಿಜಾರು ಸರಿಯಾಗಿ ಬರುವುದಿಲ್ಲ, ನೀರು ನಿಲ್ಲುತ್ತದೆ ಎಂದರು. ನಾನು ನಿಮಿಷವೂ ಯೋಚಿಸಲಿಲ್ಲ, ತೆಗೆಯಿರಿ ಎಂದೆ. ಹಾರೆ ಹಾಕಿ ಕಲ್ಲು ಎಬ್ಬಿಸಿದರು. ಕೆಳಗೆ ಮಣ್ಣು ಕರ್ರಗೆ ಹಸಿಯಾಗಿತ್ತು. ಒಂದು ಗೇಣು ಕೆದರಿದಾಗ ಎರಡು ಮಣ್ಣಿನ ಕುಡಿಕೆಗಳು ಸಿಕ್ಕವು, ಒಂದು ದೊಡ್ಡದು, ಒಂದು ಸಣ್ಣದು. ಎರಡರ ಬಾಯಿಗೂ ಚಿಪ್ಪು ಮುಚ್ಚಿ ಮಣ್ಣು ಮೆತ್ತಿತ್ತು. ಗೌಂಡಿಯವರು ಕೈ ಹಿಂದೆಗೆದು ಟೊಂಕ ನೆಟ್ಟಗೆ ಮಾಡಿ ನಿಂತರು.

ಅದೇನೆಂದು ನನಗೂ ಗೊತ್ತಾಯಿತು. ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲದಲ್ಲಿ ಕೂಸಿನ ಹಿಂದೆ ಬೀಳುವ ಮಾಸನ್ನು ಕುಡಿಕೆಯಲ್ಲಿಟ್ಟು ಬಚ್ಚಲಿನ ಮೂಲೆಯಲ್ಲಿ ಹುಗಿಯುತ್ತಿದ್ದರು. ಬಾಣಂತಿ ಅದರ ಮೇಲೆ ಕೂತು ನಲವತ್ತು ದಿನ ಬಿಸಿನೀರು ಹಾಕಿಕೊಳ್ಳಬೇಕು. ಕುಡಿಕೆ ತಣ್ಣಗಾದರೆ ಕೂಸಿಗೆ ಥಂಡಿ ಹಿಡಿಯುತ್ತದೆ ಎಂಬ ನಂಬಿಕೆ. ಓಹೋ, ಇದೇನಾ ಅವ್ವನ ಭೂಮಿತಾಯಿ ಎಂದು ನನಗೆ ನಗು ಬಂತು.

"ಅಕ್ಕಾರ, ಇವನ್ನ ಬ್ಯಾರೆ ಕಡೆ ಇಡ್ಲೇನ್ರಿ?"

"ಯಾಕ್ರಿ? ಒಂದು ನಮ್ಮಣ್ಣಂದು, ಒಂದು ನಂದು. ಇಬ್ರೂ ಗುಂಡಕಲ್ಲಿನಂಗ ಗಟ್ಟಿ ಅದೀವಿ. ನಂದು ನಾನ ಹೇಳಾಕತ್ತೀನಿ, ಎಸೀರಿ."

"ಹಂಗ ಎಸಿಯೂ ವಸ್ತು ಅಲ್ರಿ ಅದು. ನಂದೂ ಕವಿತಾಳದಾಗ ಹಿಂಗ ಹುಗದಾರ."

"ನೀವು ಗೌಂಡಿ ಕೆಲಸಾ ಮಾಡ್ತೀರೇನು, ಪುರಾಣಾ ಹೇಳ್ತೀರಿ?" ಎಂದು ಸಿಡುಕಿದೆ. ಚಾ ಮಾಡಲು ಒಳಗೆ ಹೋದೆ. ಸಂಜೆ ಟ್ರ್ಯಾಕ್ಟರು ಬಂದು ಒಡೆದ ಕಲ್ಲುಮಣ್ಣನ್ನೆಲ್ಲ ತುಂಬಿಕೊಂಡು ಗುಂಜಹಳ್ಳಿ ದಾರಿಯ ಯಾವುದೋ ತಗ್ಗಿಗೆ ಸುರಿಯಲು ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬಚ್ಚಲು ಚೆಂದವಾಗಿಯೇ ಬಂತು. ಬೂದು ಟೈಲ್ಸು, ಜೇನಿನ ಬಣ್ಣದ ದೀಪ, ಮನಿಪ್ಲಾಂಟು, ಶವರ್, ಮಡಚುವ ಪೀಠ. ಬಕೆಟ್ಟು, ಚರಿಗೆ ಎರಡನ್ನೂ ಅಟ್ಟಕ್ಕೆ ಹಾಕಿದೆ. ಸ್ಪಾ ಎಂದ ಮೇಲೆ ಚರಿಗೆಗೇನು ಕೆಲಸ? ನಿಂಬೆಹುಲ್ಲಿನ ಎಣ್ಣೆಯ ದೀಪ ಹಚ್ಚಿಟ್ಟು, ಬಾಗಿಲು ಹಾಕಿಕೊಂಡು, ನೀರು ಬಿಟ್ಟು ಕಣ್ಣು ಮುಚ್ಚಿದೆ. ಅರ್ಧ ನಿಮಿಷ ಕಳೆಯುವುದರೊಳಗೆ ಕಣ್ಣು ತೆರೆಯಬೇಕೆನಿಸಿತು. ಹೊರಗೆ ಯಾರೋ ತಮ್ಮ ಸರದಿಗಾಗಿ ಕಾಯುತ್ತಾ ನಿಂತಿದ್ದಾರೆ, ನಾನು ತಡ ಮಾಡುತ್ತಿದ್ದೇನೆ ಎನ್ನುವ ಭಾವ. ಮನೆಯಲ್ಲಿ ನಾನೊಬ್ಬಳೇ. ಆದರೂ ಬೇಗಬೇಗ ಮೈ ತೊಳೆದುಕೊಂಡು ಹೊರಬಂದೆ. ಮರುದಿನವೂ ಹಾಗೇ. ಮೂರನೇ ದಿನ, ಯಾರೋ ಹೊರಗೆ ಕಾಯುತ್ತಿಲ್ಲ, ಒಳಗೇ ನನ್ನ ಹಿಂದೆ, ಆ ಮೂಲೆಯಲ್ಲಿ, ಮೊಳಕಾಲೆತ್ತರದಲ್ಲಿ ಕಾಯುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಏನೂ ಇಲ್ಲ. ಮೂಲೆಯ ಒಂದು ಟೈಲ್ಸು ಮಾತ್ರ ಒದ್ದೆ. ಬೇಸಿಗೆಯ ರಾಯಚೂರಿನಲ್ಲಿ ಹಿಂಡದ ಸೀರೆ ಗಳಿಗೆಯಲ್ಲಿ ಒಣಗುತ್ತದೆ, ಆದರೆ ಆ ಟೈಲ್ಸು ಮಧ್ಯಾಹ್ನವಾದರೂ ಒಣಗುತ್ತಿರಲಿಲ್ಲ. ಬೆರಳಿನಿಂದ ಬಡಿದರೆ ಡಬ್ ಡಬ್ ಎಂದು ಪೊಳ್ಳು ಸಪ್ಪಳ. ಗೌಂಡಿಯವರ ಕೈ ಈ ಸಲ ಕೆಟ್ಟಿತು ಎಂದು ಬೈದುಕೊಂಡೆ.

ಅಣ್ಣ ಅವ್ವನನ್ನು ತಂದು ಬಿಟ್ಟು ಹೋದ. ಅವಳು ಚೀಲ ಇಡುವ ಮುಂಚೆ ನೇರ ಬಚ್ಚಲಿಗೆ ನಡೆದಳು. ದೀಪ ಹಚ್ಚಿ ತೋರಿಸಿದೆ. ದೀಪ, ಬಳ್ಳಿ ಯಾವುದನ್ನೂ ಅವಳು ನೋಡಲಿಲ್ಲ.

"ಕಲ್ಲಿನ ಕೆಳಗ ಇದ್ದುವು ಎಲ್ಲಿ?"

ಸುಳ್ಳು ಹೇಳಬಹುದಿತ್ತು. ನನ್ನ ಸೊಕ್ಕು ಬಿಡಲಿಲ್ಲ. "ಎಸದ್ವಿ ಬೇ. ಅಣ್ಣಂದು, ನಂದು ಎರಡೂ. ಈಗ್ಯಾಕ ಬೇಕು ಅವು?"

"ನಿಂದಾ?" ಎಂದಳು. ಅಷ್ಟೇ. ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಗೋಡೆ ಹಿಡಿದುಕೊಂಡು ಹೋಗಿ ಹೊರಸಿನ ಮೇಲೆ ಮಲಗಿದಳು. "ಇನ್ನ ನಾ ಜಳಕಾ ಮಾಡಂಗಿಲ್ಲ."

ಮುದುಕಿಯ ಹಟ, ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ನಾಲ್ಕು ದಿನವಾಯಿತು, ಏಳಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದರೂ ಕೈ ನೂಕುತ್ತಿದ್ದಳು. ಬೆಂಕಿಯಂಥ ಸೆಕೆಗೆ ಅವಳ ಬೆನ್ನು, ಕಂಕುಳು, ಎದೆಯ ಕೆಳಗಿನ ಚರ್ಮ ಕೆಂಪಾಗಿ ಒಡೆಯಿತು. ಒಂಬತ್ತನೇ ದಿನ ಜ್ವರ ಬಂತು. ಡಾಕ್ಟರು ಮನೆಗೇ ಬಂದು ನೋಡಿ, "ಮುಲಾಮು ಹಚ್ಚಿದ್ರ ಆಗಂಗಿಲ್ರಿ, ದಿನಾ ಮೈ ತೊಳೀಬೇಕು. ಹುಣ್ಣಿನ ನಂಜು ರಕ್ತಕ್ಕ ಏರಿದ್ರ ಈ ವಯಸ್ಸಿನಾಗ ಉಳಸೂದು ಕಷ್ಟ" ಎಂದು ಸ್ಪಷ್ಟವಾಗಿ ಹೇಳಿದರು. ನಾನು ಅತ್ತೆ, ಬೈದೆ, ಕಾಲು ಹಿಡಿದೆ. "ಯವ್ವಾ, ನನ್ನ ಸಲುವಾಗಿರ ಒಂದು ಚರಿಗಿ ಹಾಕ್ಕೋ ಬೇ."

"ಆಕಿಗೆ ನೀರಿಲ್ಲ, ನನಗ್ಯಾಕ?" ಎಂದು ಆ ಕಡೆ ಹೊರಳಿದಳು.

ಆಕಿ ಎಂದರೆ ಯಾರು ಎಂದು ಕೇಳಿದರೆ ಸೆರಗು ಮುಖದ ಮೇಲೆ ಎಳೆದುಕೊಂಡಳು. ಅವ್ವನ ತಲೆ ಕೆಡುತ್ತಿದೆ ಎಂದು ಅಣ್ಣನಿಗೆ ಫೋನು ಮಾಡಿ ಹೇಳಿದೆ. ಆದರೆ ಅವಳ ಕಣ್ಣು ತಿಳಿಯಾಗಿತ್ತು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಮೆಲ್ಲಗೆ ಎದ್ದು ಬಚ್ಚಲಿನ ಹೊಸ್ತಿಲ ಮೇಲೆ ಕೂಡುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಮೂಲೆಯ ಕಡೆ ನೋಡುತ್ತಾ, ಹಟ ಮಾಡುವ ಕೂಸಿಗೆ ಹೇಳುವ ದನಿಯಲ್ಲಿ, "ತಡಿ ಯವ್ವಾ, ತಡಿ. ಅಳಬ್ಯಾಡ" ಎನ್ನುತ್ತಿದ್ದಳು. ರೊಟ್ಟಿ ಬಡಿಯುವ ನನ್ನ ಕೈ ನಿಂತುಹೋಗುತ್ತಿತ್ತು.

ಹತ್ತನೇ ದಿನ, ಉರಿ ಬಿಸಿಲಿನ ಹೊತ್ತು. ಅವ್ವ ಜ್ವರದ ಗುಳಿಗೆ ನುಂಗಿ ನನ್ನ ಕಣ್ಣೆದುರೇ ನಿದ್ದೆಯಲ್ಲಿದ್ದಳು, ಉಸಿರು ಎಣಿಸುತ್ತಾ ನಾನು ಪಕ್ಕದಲ್ಲಿ ಕೂತಿದ್ದೆ. ಬಚ್ಚಲಿನಿಂದ ಸಪ್ಪಳ ಕೇಳಿತು. ನಲ್ಲಿ ಸೋರುವುದಲ್ಲ, ಶವರಿನದಲ್ಲ. ಒಂದು ಚರಿಗೆ ನೀರು ಒಮ್ಮೆಲೇ ಕಲ್ಲಿನ ಮೇಲೆ ಬೀಳುವ ಸಪ್ಪಳ. ಅರವತ್ತು ವರ್ಷ ದಿನಾ ಕೇಳಿದ್ದು, ತಪ್ಪು ಹೇಗಾದೀತು? ಆಮೇಲೆ ಖಾಲಿ ಚರಿಗೆಯನ್ನು ಕೆಳಗಿಟ್ಟ ಠಣ್ ಎನ್ನುವ ಸಪ್ಪಳ. ನಮ್ಮ ಚರಿಗೆ ಅಟ್ಟದ ಮೇಲಿತ್ತು. ಎದ್ದು ಹೋಗಿ ನೋಡಿದೆ. ನೆಲವೆಲ್ಲ ಒಣಗಿತ್ತು, ಮೂಲೆಯ ಟೈಲ್ಸು ಮಾತ್ರ ಒದ್ದೆ. ಅಂಗೈ ಊರಿ ನೋಡಿದೆ. ಅದು ಬೆಚ್ಚಗಿತ್ತು. ಬಿಸಿಲು ಬೀಳುವ ಜಾಗವಲ್ಲ ಅದು, ಕಿಟಕಿ ಆ ಕಡೆ ಇಲ್ಲವೇ ಇಲ್ಲ.

ವಿಜ್ಞಾನದ ಟೀಚರು ಏನು ಮಾಡಿದಳು? ಹೆದರಿ ಗೌಂಡಿಯವರಿಗೆ ಫೋನು ಹಚ್ಚಿ ಜಗಳ ತೆಗೆದಳು. "ಎಂಥಾ ಕೆಲಸಾ ಮಾಡೀರಿ? ಮೂಲಿ ಟೈಲ್ಸು ಪೊಳ್ಳು ಬಡಿತದ, ನೀರು ಕುಡಿತದ. ನಾಳೆ ಬಂದು ಕಿತ್ತು ಹಾಕ್ರಿ."

ಮರುದಿನ ಅವರು ಬಂದರು, ಆದರೆ ಕೈಯಲ್ಲಿ ಹತಾರು ಇರಲಿಲ್ಲ. ನಡುಮನೆಯಲ್ಲಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಬೈಯಬ್ಯಾಡ್ರಿ ಅಕ್ಕಾರ. ಅದು ಪೊಳ್ಳ ಬಡೀಬೇಕು ಅಂತನ ಹಂಗ ಕುಂದರಿಸೀನಿ. ನನಗ ಎಸಿಯಾಕ ಕೈ ಬರಲಿಲ್ರಿ. ನೀವು ಚಾ ಮಾಡಾಕ ಒಳಗ ಹೋದಾಗ ಎರಡೂ ಕುಡಿಕಿ ತಿರುಗಿ ಅಲ್ಲೇ ಇಟ್ಟೆ. ಮ್ಯಾಲ ಸಿಮೆಂಟು ಹಾಕಿಲ್ಲ, ಬರೇ ಉಸುಕು. ಸಂದಿನೂ ತುಂಬಿಲ್ಲ. ಬಿಸಿ ಕೆಳಗ ಇಳೀಬೇಕಲ್ರಿ."

ಹಿಂದಿನಿಂದ ಹೊರಸು ಕಿರುಗುಟ್ಟಿತು. ಅವ್ವ ಎದ್ದು ಕೂತಿದ್ದಳು.

"ಎರಡೂ ಅದಾವೇನೋ ಯಪ್ಪಾ?"

"ಎರಡೂ ಅದಾವ ಯವ್ವಾ. ಒಂದಕ್ಕೂ ಕೂದಲಷ್ಟೂ ಬಿರುಕ ಬಿಟ್ಟಿಲ್ಲ."

ಅವ್ವ ಎರಡೂ ಕೈ ಎತ್ತಿ ಅವರಿಗೆ ಮುಗಿದಳು. ಅವರು, "ತೌಬಾ ತೌಬಾ, ನೀವು ಕೈ ಮುಗೀಬಾರದು" ಎಂದು ಹಿಂದೆ ಸರಿದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರು ಹೊಸ್ತಿಲು ದಾಟುವ ಮೊದಲೇ ಅವ್ವನ ಹುಕುಂ ಬಂತು. "ನೀರು ಕಾಸು. ಚರಿಗಿ ತಗದು ತಾ."

ಅಟ್ಟದಿಂದ ಚರಿಗೆ ಇಳಿಸಿ, ಬಕೆಟ್ಟು ತುಂಬಿ, ಅವಳನ್ನು ಪೀಠದ ಮೇಲೆ ಕೂಡಿಸಿದೆ. ಮೊದಲನೇ ಚರಿಗೆಯನ್ನು ಅವಳೇ ತೆಗೆದುಕೊಂಡಳು. ನನಗೆ ಹಿಡಿಯಗೊಡಲಿಲ್ಲ. ಮೂಲೆಗೆ ಸಣ್ಣಗೆ, ನೆತ್ತಿಗೆ ಎರೆಯುವ ಹಾಗೆ ಸುರಿದಳು. ಸಂದಿಯಿಂದ ನೀರು ಇಂಗಿ ಕೆಳಗೆ ಹೋಯಿತು. ಆಮೇಲೆ ತನ್ನ ಬೆನ್ನು ನನಗೆ ಕೊಟ್ಟಳು. ಹುಣ್ಣಾದ ಬೆನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ದೊಡ್ಡ ಕುಡಿಕಿ ನಿಮ್ಮಣ್ಣಂದು. ಸಣ್ಣದು ನಿಂದಲ್ಲ" ಎಂದಳು.

"ಮತ್ತ್ಯಾರದು?"

"ನಾ ಹಡದ ಹೆಣ್ಣುಕೂಸಿಂದು. ಒಂಬತ್ತು ದಿನ ಇದ್ಲು, ಹ್ವಾದ್ಲು. ಆಕಿ ಹ್ವಾದ ಮೂರನೇ ದಿನಕ್ಕ ಸೂಲಗಿತ್ತಿ ದೇವದುರ್ಗದಿಂದ ನಿನ್ನ ತಂದ್ಲು. ಬುಟ್ಟ್ಯಾಗ ಹಾಕ್ಕೊಂಡು, ಮ್ಯಾಲ ಸೀರಿ ಮುಚ್ಚಿ, ಬಸ್ಸಿನಾಗ. ನನ್ನ ಎದಿ ಹಾಲು ಬಿಗದು ಕಲ್ಲಾಗಿತ್ತು. ನೀ ಬಾಯಿ ಹಚ್ಚಿದಿ. ಆಕಿ ಹೆಸರು ನಿನಗ ಇಟ್ಟೆ. ಆಕಿ ಕುಡಿಕಿ ಮ್ಯಾಲ ಕುಂತು ನಿನಗ ಎರದೆ."

ಕೈಯಲ್ಲಿದ್ದ ಸೋಪು ಜಾರಿ ಬಿತ್ತು. "ಅರವತ್ತು ವರ್ಷ ಬೇ! ಅರವತ್ತು ವರ್ಷ ಬಾಯಿ ಮುಚ್ಚಿಕೊಂಡು ಕುಂತಿಯಲ್ಲ!" ಎಂದು ಕಿರುಚಿದೆ. ಟೈಲ್ಸಿನ ಕೋಣೆಯಲ್ಲಿ ನನ್ನ ದನಿ ನನಗೇ ಬಡಿಯಿತು.

"ಬೈ, ಎಷ್ಟರ ಬೈ. ನೀರು ಆರಾಕತ್ತಾವ, ಬೈಕೋತ ಹಾಕು."

ಹಾಕಿದೆ. ಅಳುತ್ತಾ, ಬೈಯುತ್ತಾ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ. "ಎಲ್ರೂ ನಲವತ್ತು ದಿನಕ್ಕ ಬಿಡ್ತಾರ. ನೀ ಯಾಕ ಬಿಡಲಿಲ್ಲ?"

"ನಿಮ್ಮಣ್ಣಂದು ಬಿಟ್ಟೆ, ಅಂವ ಅಡ್ಡಾಡಾಕ ಹತ್ತಿದ ಕೂಡ್ಲೆ. ಆಕಿ ದೊಡ್ಡಾಕಿ ಆಗೇ ಇಲ್ಲಲ್ಲ, ಹೆಂಗ ಬಿಡ್ಲಿ? ಕಣ್ಣ ಮುಂದ ಬೆಳೀಲಾರದ ಕೂಸಿಗೆ ಬಿಡಾಕ ಬರಂಗಿಲ್ಲ ಯವ್ವಾ."

"ಮತ್ತ ನಂದೆಲ್ಲಿ ಅದ?"

"ದೇವದುರ್ಗದಾಗ, ನಿನ್ನ ಹಡದಾಕಿ ಬಚ್ಚಲದಾಗ ಇರಬೇಕು. ಯಾರ ಮನಿ, ಯಾವ ಓಣಿ ನಾ ಕೇಳಲಿಲ್ಲ. ಯಾಕ ಕೊಟ್ರು ಅಂತನೂ ಕೇಳಲಿಲ್ಲ. ಕೇಳಿದ್ರ ತಿರುಗಿ ಒಯ್ದಾರು ಅಂತ ಹೆದರಿಕಿ."

ನನ್ನ ಅಂಗಾಲಿನ ಮಾತು ಅವಳಿಗೆ ಎಂದೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಆದರೆ ಹೊಸ ಟೈಲ್ಸಿನ ಮೇಲೆ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದೆ. ದೇವದುರ್ಗದಲ್ಲಿ ಒಬ್ಬಾಕೆ ಇದ್ದಳು. ಅವಳ ಕಣ್ಣ ಮುಂದೆಯೂ ಒಂದು ಕೂಸು ಬೆಳೆಯಲಿಲ್ಲ. ದಿನಾ ಬೆಳಗಿನ ಜಾವ ಎದ್ದು, ಯಾರಿಗೂ ಹೇಳದೆ, ಮೊದಲನೇ ಚರಿಗೆಯನ್ನು ಮೂಲೆಗೆ ಹಾಕಿದಳು. ಎರಡು ವರ್ಷದ ಹಿಂದೆ, ದಸರೆಯ ಮುಂದೆ, ನಿಲ್ಲಿಸಿದಳು. ಒಂದೋ ಅವಳು ಹೋದಳು, ಇಲ್ಲವೇ ಆ ಮನೆಯಲ್ಲೂ ನನ್ನಂಥವಳೊಬ್ಬಳು ಹುಟ್ಟಿ ಬಚ್ಚಲು ಒಡೆಸಿದಳು.

ಅವ್ವನ ಹುಣ್ಣು ಮಾಯಿತು. ಜ್ವರ ಇಳಿಯಿತು. ಒಂದು ದಿನ ಸಂತೆಗೆ ಹೋಗುತ್ತೇನೆಂದು ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಿಂತೆ. ಯಾರನ್ನು ಏನೆಂದು ಕೇಳುವುದು? ಎದುರಿಗೆ ಬಂದ ಅರವತ್ತು, ಎಂಬತ್ತು ದಾಟಿದ ಹೆಂಗಸರ ಮುಖಗಳನ್ನೆಲ್ಲ ನೋಡಿದೆ, ಅವರು ನನ್ನನ್ನು ನೋಡಿದರು. ಒಂದು ಚಾ ಕುಡಿದು ಬಂದ ಬಸ್ಸಿಗೇ ತಿರುಗಿ ಬಂದೆ. ಖಾಲಿ ಸಂತೆ ಚೀಲವನ್ನು ಅವ್ವ ಒಮ್ಮೆ ನೋಡಿ, ಮಡಚಿ ಗೂಟಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಜಳಕಕ್ಕೆ ಹೋದಾಗ ಒಂದು ಚರಿಗೆ ಮೂಲೆಗೆ ಸುರಿದೆ. ಇನ್ನೊಂದು ತುಂಬಿ ಅದನ್ನೂ ಅಲ್ಲಿಗೇ ಸುರಿದೆ. ಹೊರಗಿನಿಂದ ಅವ್ವ ಸಪ್ಪಳ ಗುರುತು ಹಿಡಿದಳು.

"ಎರಡ್ಯಾಕ ಬೇ?"

"ಒಂದು ಆಕಿಗೆ. ಒಂದು ನನಗ. ಅಲ್ಲೀಗ ಯಾರೂ ಹಾಕಾಕತ್ತಿಲ್ಲ."

ಹೊರಸು ಕಿರುಗುಟ್ಟಿತು. ಆಮೇಲೆ ಬಾಗಿಲ ಹತ್ತಿರವೇ ಅವಳ ದನಿ ಬಂತು. "ಬಿಸಿ ಅದಾವಿಲ್ಲ ನೋಡಿ ಹಾಕು ಮತ್ತ."

ಬಿಸಿ ನೋಡಿಯೇ ಹಾಕುತ್ತೇನೆ, ದಿನಾ. ನನ್ನ ಅಂಗಾಲು ಮಾತ್ರ ಇನ್ನೂ ತಣ್ಣಗೇ ಇದೆ.